ಶ್ರೀವಾಣಿ ಸಿರುಮುಗೈ ನಿಮ್ಮ ಗ್ರಾಹಕಳೇ

ವಿಡಿಯೋ ಆಟದ ಯಂತ್ರ ತಯಾರಿಸುವ ಕಂಪನಿಯ ಮುಖ್ಯಸ್ಥರೇ,

"ನಿಮ್ಮ ದನಿ ನಮಗೆ ಕೇಳಿಸಿತು" ಎಂದು ಕಳೆದ ವಾರ ಪ್ರಕಟಿಸಿದ್ದೀರಿ. ಓದಿ ಹೇಸಿಗೆಯಾಯಿತು. ಯಂತ್ರವನ್ನು ಖಾತೆದಾರರಲ್ಲದೆ ಬೇರಾರೂ ಬಳಸಬಾರದು, ತಿಂಗಳಿಗೊಮ್ಮೆ ಅವರು ಕ್ಯಾಮೆರಾಕ್ಕೆ ಮುಖ ತೋರಿಸಬೇಕು, ಡಿಸ್ಕನ್ನು ಗೆಳೆಯರಿಗೂ ಕೊಡಬಾರದು ಎಂಬ ನಿಯಮ ತಂದವರು ನೀವೇ. ಊರೂರಿನ ಜನ ಬೈದು, ಹೊಸ ಯಂತ್ರದ ಬುಕಿಂಗ್ ರದ್ದು ಮಾಡತೊಡಗಿದ ಮೇಲೆ ಹಿಂತೆಗೆದುಕೊಂಡವರೂ ನೀವೇ. ನಿಮಗೆ ಕೇಳಿಸಿದ್ದು ದನಿಯೋ, ಬುಕಿಂಗ್ ಬಿದ್ದುಹೋದ ಸದ್ದೋ? ಇರಲಿ. ಆ ಪ್ರಕಟಣೆಯ ಕೊನೆಗೆ ಸಣ್ಣ ಅಕ್ಷರದ ಒಂದು ಸಾಲಿದೆ: ನಿಯಮ ಜಾರಿಯಲ್ಲಿದ್ದಾಗ ಮುಚ್ಚಿದ ಖಾತೆ ತೆರೆಯಬೇಕಾದರೆ ಖಾತೆದಾರರೇ ಖುದ್ದಾಗಿ ಕೋರಬೇಕು. ನನ್ನ ಮಗಳು ಹೇಗೆ ಕೋರುತ್ತಾಳೆ, ಸ್ವಾಮಿ? ಅವಳು ತೀರಿಕೊಂಡು ಐದು ತಿಂಗಳಾಯಿತು.

ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದ ಮೂರು ಪತ್ರಗಳನ್ನು ನಿಮ್ಮಲ್ಲಿ ಯಾರೂ ಸರಿಯಾಗಿ ಓದಿದಂತಿಲ್ಲ. ಇದು ನನ್ನ ಮನೆಮಾತಾದ ಕನ್ನಡದಲ್ಲಿದೆ. ಓದದಿದ್ದರೆ ಹೊಸ ನಷ್ಟವೇನಿಲ್ಲ.

ನಾವು ಕೋಯಮತ್ತೂರಿನ ಬಳಿಯ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವರು. ಮಗಳು ಶ್ರೀವಾಣಿ ಸೀರೆಗೆ ವಿನ್ಯಾಸ ಬರೆಯುತ್ತಿದ್ದಳು. ಗ್ರಾಫ್ ಕಾಗದದ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬುವ ಕೆಲಸ ಅದು. ನಿಮ್ಮ ಯಂತ್ರದಲ್ಲಿ ಬಣ್ಣದ ಚೌಕ ಜೋಡಿಸಿ ಮನೆ ಕಟ್ಟುವ ಆಟವೊಂದಿದೆಯಲ್ಲ, ಅದರಲ್ಲಿ ಅವಳು ಮನೆ ಕಟ್ಟಲಿಲ್ಲ. ಚೌಕಕ್ಕೊಂದು ಎಳೆಯೆಂದು ಹಿಡಿದು ಅಂಚು ಕಟ್ಟಿದಳು, ಸೆರಗು ಕಟ್ಟಿದಳು.

"ಇಡೀ ದಿನ ಆಟನೇ ಆಡ್ತಾ ಇದ್ರೆ ಅಡಿಗೆ ಯಾರು ಮಾಡೋದು, ಕಣ್ಣು?" ಎಂದು ನನ್ನ ಹೆಂಡತಿ ಪದ್ಮಾಕ್ಷಿ ಕೆಣಕುತ್ತಿದ್ದಳು.

"ಸುಮ್ನಿರಮ್ಮಾ, ನಿಂಗೇ ಸೀರೆ ಇದು. ಉಟ್ಕೊಂಡು ಬಸ್ ಹತ್ತಿದ್ರೆ ಡ್ರೈವರೇ ಎದ್ದು ಸೀಟು ಕೊಡಬೇಕು, ನೋಡ್ತಿರು."

ಅಂಚಿನ ವಿನ್ಯಾಸವನ್ನು ಕಾಗದಕ್ಕೆ ಇಳಿಸಿ ಕೊಟ್ಟಳು. ನಾನು ಮಗ್ಗ ಹೂಡಿದೆ. ಸೆರಗಿನದನ್ನು ಇಳಿಸುವ ಮೊದಲೇ ಜ್ವರ ಬಂತು. ಒಂಬತ್ತನೆಯ ದಿನ ನನ್ನ ದಿನಚರಿಯಲ್ಲಿ ಬರೆಯಲಾದದ್ದು ತಾರೀಖು ಮಾತ್ರ.

ಮುಖ ತೋರಿಸಲಿಲ್ಲವೆಂದು ನಿಮ್ಮ ಯಂತ್ರ ಬೀಗ ಹಾಕಿಕೊಂಡಿತು. ಮರಣ ಪ್ರಮಾಣಪತ್ರ ಹಿಡಿದು ಕೋಯಮತ್ತೂರಿನ ನಿಮ್ಮ ಸೇವಾ ಕೇಂದ್ರಕ್ಕೆ ಹೋದೆ. ಅಲ್ಲಿನ ಕುಮರೇಶನ್ ಎಂಬವರು ಪತ್ರವನ್ನು ಎರಡು ಸಲ ಓದಿ ತಮಿಳಿನಲ್ಲಿ ಮೆಲ್ಲಗೆ ಕೇಳಿದರು: "ಐಯಾ, ಇದ್ರಲ್ಲಿ ಜಿ. ಶ್ರೀವಾಣಿ ಅಂತಿದೆ. ಖಾತೆ ಇರೋದು ಶ್ರೀವಾಣಿ ಸಿರುಮುಗೈ ಹೆಸರಲ್ಲಿ. ಅದ್ಯಾರು?"

ನಮ್ಮ ಕಡೆ ಮನೆತನದ ಹೆಸರು ಬರೆಯುವ ರೂಢಿಯಿಲ್ಲ. ಅಪ್ಪನ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಖಾತೆ ತೆರೆಯುವ ನಿಮ್ಮ ಅರ್ಜಿಗೆ ಒಂದಕ್ಷರ ಸಾಲಲಿಲ್ಲ. "ಅಪ್ಪಾ, ನೀನು ಸಾಲ್ದಂತೆ, ಊರೇ ಬೇಕಂತೆ!" ಎಂದು ನಗುತ್ತಾ ಅವಳು ಊರ ಹೆಸರು ತುಂಬಿದಳು. ಯಂತ್ರ ಮಾರುವಾಗ ಆ ಹೆಸರಿನಲ್ಲಿ ನಿಮಗೆ ಯಾವ ದೋಷವೂ ಕಾಣಲಿಲ್ಲ. ಈಗ ನಿಮ್ಮ ಕಚೇರಿ ಉತ್ತರಿಸುತ್ತದೆ: "ತಾವು ತಿಳಿಸಿದ ಮೃತ ವ್ಯಕ್ತಿ ನಮ್ಮ ಗ್ರಾಹಕರಲ್ಲ. ನಮ್ಮ ಗ್ರಾಹಕರು ಯಾವಾಗ ಬೇಕಾದರೂ ಸಂಪರ್ಕಿಸಬಹುದು." ಎಂಥ ಉದಾರತೆ! ನಿಮ್ಮ ಕಡತದಲ್ಲಿ ನನ್ನ ಮಗಳು ಬದುಕಿದ್ದಾಳೆ. ನಮ್ಮ ಮನೆಗೆ ಆ ಭಾಗ್ಯವಿಲ್ಲ. ಗಟ್ಟಿಯಾಗಿ ಕೂಗಿದವರಿಗೆ ಮಾತ್ರ ಕಿವಿಗೊಟ್ಟು, ಕೂಗಲಾಗದವರನ್ನು ಸಣ್ಣ ಅಕ್ಷರಕ್ಕೆ ತಳ್ಳುವುದನ್ನು ನೀವು ತಿದ್ದುಪಡಿ ಎನ್ನುತ್ತೀರಾ?

ನನಗೆ ನಿಮ್ಮ ಕ್ಷಮಾಪಣೆ ಬೇಡ. ಒಂದು ಹಗಲಿನ ಮಟ್ಟಿಗೆ ಆ ಖಾತೆ ತೆರೆದುಕೊಡಿ. ನಾನೂ ಪದ್ಮಾಕ್ಷಿಯೂ ಕೂತು ಸೆರಗನ್ನು ಚೌಕ ಚೌಕವಾಗಿ ಕಾಗದಕ್ಕೆ ಇಳಿಸಿಕೊಳ್ಳುತ್ತೇವೆ. ಆಮೇಲೆ ನಿಮ್ಮ ಬೀಗ ನಿಮಗೇ ಇರಲಿ. ಅಳಿಸಿಯೇ ಬಿಟ್ಟಿದ್ದರೆ, "ಅಳಿಸಿದ್ದೇವೆ" ಎಂದು ನಿಮ್ಮಲ್ಲಿ ಒಬ್ಬ ಮನುಷ್ಯ ಸಹಿ ಹಾಕಿ ಬರೆಯಲಿ. ಒಡಲು ಪೂರ್ತಿ ನೇಯ್ದು ನಿಲ್ಲಿಸಿದ್ದೇನೆ. ಅಳಿಸಿದ್ದರೆ, ಸೆರಗಿಲ್ಲದ ಸೀರೆಯನ್ನು ಮಗ್ಗದಿಂದ ಕತ್ತರಿಸಬೇಕಾದವನು ನಾನೇ. ಕತ್ತರಿ ಹಿಡಿಯುವ ಮೊದಲು ನಿಮ್ಮಿಂದ ಒಂದೇ ಒಂದು ನಿಜ ಬೇಕು.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಯಾರ ತಂದೆಯೂ ಅಲ್ಲದ
ಗೋಪಾಲಕೃಷ್ಣ
ಸಿರುಮುಗೈ