ಗಿರಣಿಯ ಪಾಳಿ

ಜನವರಿ 17, 2008, ಗುರುವಾರ

ಇವತ್ತೂ ಸೊನ್ನೆ. ಹಲಗೇರಿಯ ಇಂಟರ್ನೆಟ್ ಕೇಂದ್ರದ ರಿಜಿಸ್ಟರ್: ಗಂಡಸರು ಇಪ್ಪತ್ತಾರು, ಹೆಂಗಸರು ಸೊನ್ನೆ. ಎರಡು ತಿಂಗಳಿಂದ ಬರೆದೂ ಬರೆದೂ ನನ್ನ ಸೊನ್ನೆ ಬಲು ದುಂಡಗಾಗಿದೆ. ಕನ್ನಡ ಶಾಲೆಯ ಅಕ್ಕೋರು ನೋಡಿದ್ದರೆ ಶಭಾಷ್ ಅನ್ನುತ್ತಿದ್ದರು.

ಲಿಂಕ್ ಮಾತ್ರ ಬೆಣ್ಣೆ. ರಾಣೆಬೆನ್ನೂರಿನ ನಮ್ಮ ಆಫೀಸಿನ ಮಾಳಿಗೆ ಮೇಲೊಂದು ಕಂಬ, ಹಲಗೇರಿಯ ಮಲ್ಲೇಶಪ್ಪನವರ ಮಾಳಿಗೆ ಮೇಲೊಂದು ಕಂಬ. ನಡುವೆ ತಂತಿ ಇಲ್ಲ, ಅದಕ್ಕೇ ಅಗ್ಗ. ನನ್ನ ಜೊತೆಯ ಇಂಜಿನಿಯರ್ ಸಿದ್ದಲಿಂಗೇಶ ದಿನಾ ಸಿಗ್ನಲ್ ನೋಡಿ ಖುಷಿಪಡುತ್ತಾನೆ. ಸಿಗ್ನಲ್ ಯಾರಿಗೆ ಬೇಕೋ ಮಾರಾಯ, ಜನ ಬೇಕು.

ಮಲ್ಲೇಶಪ್ಪನವರು ಮುಂದಿನ ಕೋಣೆಯನ್ನು ಬಾಡಿಗೆ ಬೇಡ ಎಂದು ಕೊಟ್ಟವರು. ಆಪರೇಟರ್ ಕೂಡ ಅವರೇ ಕೊಟ್ಟರು — ಸಣ್ಣ ಸೊಸೆ ನಾಗಲಕ್ಷ್ಮಿ. ಬಿ.ಎ., ಮದುವೆಗೆ ಮೊದಲು ಹಾವೇರಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್. ನನಗಿಂತ ಜೋರು ಟೈಪ್ ಮಾಡುತ್ತಾಳೆ. ಆದರೆ ನಿಂತುಕೊಂಡು. ಕುರ್ಚಿ ಖಾಲಿ, ಹುಡುಗಿ ಬಗ್ಗಿ ನಿಂತು ಟೈಪ್. ಇವತ್ತು ರೇಗಿ ಹೋಯಿತು. ಕುಂದ್ರವಾ, ಸೊಂಟ ಹೋಗ್ತೈತಿ ಅಂದೆ.

"ಮಾವಾರು ಹೊರಗ ಕುಂತಾರ್ರಿ ಅಕ್ಕಾರ," ಅಂದಳು, ಮೆತ್ತಗೆ.

ಬಾಗಿಲಾಚೆ ಕಟ್ಟೆ. ಕಟ್ಟೆಯ ಮೇಲೆ ಮಲ್ಲೇಶಪ್ಪನವರು, ಜೊತೆಗೆ ಊರಿನ ಐದಾರು ಹಿರಿಯರು. ಬೆಳಗಿನಿಂದ ಸಂಜೆವರೆಗೆ.

ಜನವರಿ 21, ಸೋಮವಾರ — ಹಾವೇರಿ

ಮೀಟಿಂಗ್. ಬಾಸ್ ಪ್ರವೀಣಕುಮಾರ ಸರ್ ಚಹಾ ತರಿಸಿದರು. ಅವರು ಚಹಾ ತರಿಸಿದರೆ ಸುದ್ದಿ ಕೆಟ್ಟದ್ದು ಅಂತಲೇ ಅರ್ಥ.

ನಮ್ಮದು ನಾಲ್ಕು ಹಳ್ಳಿಯ ಪ್ರಾಜೆಕ್ಟ್. ದೇವರಗುಡ್ಡ ಚೆನ್ನಾಗಿ ನಡೆದಿದೆ, ಇನ್ನೆರಡು ಪರವಾಗಿಲ್ಲ. ಹಲಗೇರಿ ಹೀಗೆ. ಹೆಂಗಸರೂ ಬಳಸದಿದ್ದರೆ ಅದು ಊರಿನ ಕೇಂದ್ರವೇ ಅಲ್ಲ ಎಂದು ಅನುದಾನ ಕೊಡುವವರ ಮಾತು. ಖರೇನೇ, ಅದಕ್ಕೆ ನಾನೇನು ಎದುರಾಡಲಿ. ಮಾರ್ಚ್ 31ರೊಳಗೆ ಕನಿಷ್ಠ ನಲವತ್ತು ಹೆಂಗಸರು. ಇಲ್ಲದಿದ್ದರೆ ಕಂಬ, ಕಂಪ್ಯೂಟರ್ ಎಲ್ಲ ಬಿಚ್ಚಿ ಬೇರೆ ತಾಲೂಕಿಗೆ.

ಸಂಜೆ ಹಲಗೇರಿಗೆ ಹೋಗಿ ನಾಗಲಕ್ಷ್ಮಿಗೆ ಹೇಳಿದಾಗ ಅವಳು ಕೀಬೋರ್ಡ್ ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಇದು ಹೋದ್ರ ನಾ ಮತ್ತ ಅಡಗಿಮನಿಗೇ ಹೋದಂಗ್ರಿ," ಅಂದಳು. ಬಸ್ಸಿನಲ್ಲಿ ಬರುವಾಗ ನನಗೂ ಅಳು ಬಂತು. ಕಿಟಕಿ ಕಡೆ ಮುಖ ಮಾಡಿಕೊಂಡೆ.

ಜನವರಿ 25, ಶುಕ್ರವಾರ

ಮನೆಮನೆಗೆ ಹೋದೆ. ಎಲ್ಲರೂ ಕೂರಿಸಿ ಚಹಾ ಕೊಟ್ಟರು. ಎಲ್ಲರೂ "ಬರ್ತೇವ್ರಿ" ಅಂದರು. ಹನ್ನೊಂದು ಚಹಾ ಕುಡಿದೆ. ಬಂದವರು ಸೊನ್ನೆ.

ಸಿದ್ದಲಿಂಗೇಶ 'ಮಹಿಳೆಯರಿಗೆ ಉಚಿತ' ಅಂತ ಪೋಸ್ಟರ್ ಹಚ್ಚಿದ. ಓದಲಿಕ್ಕೆ ಗಂಡಸರೇ ಬಂದರು.

ಜನವರಿ 31, ಗುರುವಾರ

ನನ್ನ ಕಣ್ಣಿಗೆ ಏನಾಗಿತ್ತೋ.

ಮಧ್ಯಾಹ್ನ ಕರೆಂಟ್ ಇರಲಿಲ್ಲ. ಕೇಂದ್ರದ ಬಾಗಿಲಲ್ಲಿ ನಿಂತು ಪೇರಲ ತಿನ್ನುತ್ತಿದ್ದೆ. ಸೋಮವ್ವ ಅಂಗಡಿ ಕಡೆಯಿಂದ ಬಂದಳು. ಹೊಲದ ಕೆಲಸಕ್ಕೆ ಹೋಗುವ ಅಜ್ಜಿ, ಮೊನ್ನೆ ಚಹಾ ಕೊಟ್ಟವಳು. ಕಟ್ಟೆ ಇನ್ನೂ ಹತ್ತು ಮಾರು ಇದೆ ಅನ್ನುವಾಗ ಬಗ್ಗಿ ಚಪ್ಪಲಿ ತೆಗೆದಳು. ಕೈಯಲ್ಲಿ ಹಿಡಿದಳು. ಸೆರಗು ಎಳೆದುಕೊಂಡು ಬಿಸಿಲಲ್ಲಿ ಬರಿಗಾಲಿನಲ್ಲಿ ದಾಟಿದಳು. ಬೇವಿನ ಮರದ ಆಚೆ ಹೋಗಿ ಮತ್ತೆ ಮೆಟ್ಟಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಮತ್ತೊಬ್ಬಳು. ಎರಡು ತಿಂಗಳಿಂದ ಇದನ್ನು ನೋಡುತ್ತಲೇ ಇದ್ದೇನೆ. ಚಪ್ಪಲಿಯ ಉಂಗುಟ ಕಿತ್ತಿರಬೇಕು ಅಂದುಕೊಂಡಿದ್ದೆ. ಊರ ಹೆಂಗಸರ ಉಂಗುಟವೆಲ್ಲ ಅದೇ ಜಾಗದಲ್ಲಿ ಕೀಳುತ್ತವೆಯೇ, ದಡ್ಡಿ.

ಓಡಿ ಹೋಗಿ ಸೋಮವ್ವನನ್ನು ಕೇಳಿದೆ. ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಹಿರೇರು ಕುಂತಲ್ಲಿ ಚಪ್ಲಿ ಮೆಟ್ಟಿ ಹೆಂಗ ಹೋಗೂದು ಯವ್ವಾ? ದಾಟೂದ ಕಷ್ಟ. ನೀ ನೋಡಿದ್ರ ಕಟ್ಟಿ ಹತ್ತಿ ಒಳಗ ಬಾ ಅಂತೀದಿ."

ಕೋಣೆ ಹುಡುಕುವಾಗ ಮಾಳಿಗೆ ಎಷ್ಟು ಎತ್ತರ ಕೇಳಿದೆವು. ಅರ್ಥಿಂಗ್ ಕೇಳಿದೆವು, ಬೀಗ ಗಟ್ಟಿಯಿದೆಯೇ ಕೇಳಿದೆವು. ಬಾಗಿಲಲ್ಲಿ ಯಾರು ಕೂರುತ್ತಾರೆ ಅಂತ ಇಬ್ಬರು ಇಂಜಿನಿಯರ್‌ಗಳಲ್ಲಿ ಒಬ್ಬರೂ ಕೇಳಲಿಲ್ಲ. ನಾನಂತೂ ಇದೇ ಸೀಮೆಯವಳು. ಅಜ್ಜನ ಊರಿಗೆ ಹೋದಾಗ ಅವ್ವ ಹೀಗೇ ಚಪ್ಪಲಿ ಕೈಯಲ್ಲಿ ಹಿಡಿದದ್ದು ನೋಡಿದ್ದೇನೆ. ಬ್ಯಾಡಗಿಗೆ ಬಂದ ಮೇಲೆ ಮರೆತೆ. ನಾಚಿಕೆಯಾಗುತ್ತಿದೆ.

ಫೆಬ್ರುವರಿ 3, ಭಾನುವಾರ — ಬ್ಯಾಡಗಿ, ಮನೆ

ಸುಗ್ಗಿ. ಅಪ್ಪ ಮೆಣಸಿನಕಾಯಿ ಪ್ಯಾಟಿಯ ದಲಾಲಿ ಅಂಗಡಿಯಿಂದ ಬಂದರೆ ಮನೆಯವರೆಲ್ಲ ಸೀನಬೇಕು. ರಜೆ ಅಂತ ಮಲಗಿದ್ದೆ. ಅವ್ವ ಎಬ್ಬಿಸಿ ಜೋಳದ ಡಬ್ಬಿ ಕೈಗಿಟ್ಟಳು. "ಗಿರಣಿಗೆ ಹೋಗಿ ಬಾ. ಇಂಟರ್ನೆಟ್‌ನ್ಯಾಗ ಹಿಟ್ಟು ಬೀಳಂಗಿಲ್ಲಲ್ಲ."

ಗಿರಣಿಯಲ್ಲಿ ಡಬ್ಬಿಯನ್ನು ಸಾಲಿಗೆ ಇಟ್ಟೆ. ಡಬ್ಬಿ ಇಟ್ಟರೆ ಮುಗಿಯಿತು, ಪಾಳಿ ನಮ್ಮದು, ಯಾರೂ ಸರಿಸುವುದಿಲ್ಲ. ಆಮೇಲೆ ಕಲ್ಲಿನ ಮೇಲೆ ಕುಳಿತೆ. ಹದಿನೈದು ಹೆಂಗಸರು. ಮಾತು, ನಗು, ಒಬ್ಬರ ಬೆನ್ನ ಮೇಲೆ ಒಬ್ಬರು ಬಡಿಯುವುದು. ಗಂಡಸು ಅಂದರೆ ಗಿರಣಿಯವನೊಬ್ಬನೇ, ಅವನಿಗೆ ಮೋಟಾರಿನ ಗದ್ದಲದಲ್ಲಿ ಏನೂ ಕೇಳಿಸದು. ಎಲ್ಲರ ಕಾಲಲ್ಲೂ ಚಪ್ಪಲಿ.

ಅಲ್ಲೇ ಎದ್ದು ಸಿದ್ದಲಿಂಗೇಶನಿಗೆ ಫೋನ್ ಮಾಡಿದೆ. "ಭಾನುವಾರ ಐತಿ, ತಲಿ ನೆಟ್ಟಗೈತಿಲ್ಲೋ ನಿಂದು," ಅಂದ. ಹಿಟ್ಟು ತರುವುದು ಮರೆತು ಮನೆಗೆ ಬಂದೆ. ಅವ್ವನ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಫೆಬ್ರುವರಿ 5, ಮಂಗಳವಾರ

ಹಲಗೇರಿಯ ಗಿರಣಿ ಹಸೀನಾಬಿಯವರದು. ಗಂಡ ಫಕ್ಕೀರಸಾಬರು ಮೋಟಾರ್ ರಿಪೇರಿ ನೋಡುತ್ತಾರೆ, ಉಳಿದದ್ದೆಲ್ಲ ಹಸೀನಾಬಿ. ಪಕ್ಕದಲ್ಲೊಂದು ಕೋಣೆ. ಮೊದಲು ಖಾರ ಕುಟ್ಟುವ ಯಂತ್ರವಿತ್ತಂತೆ, ಈಗ ಖಾಲಿ. ಕೇಳಿದೆ.

"ಕೋಣಿ ಕೊಡಾಕೇನವಾ, ಕೊಡ್ತೇನಿ. ಹಿಟ್ಟು ಹಾರ್ತೈತಿ ನೋಡು. ನಿನ್ನ ಪೆಟಗಿ ಕೆಮ್ಮಾಕತ್ರ ನನ್ನ ಕಡೆ ಬರಬ್ಯಾಡ."

ಸಿದ್ದಲಿಂಗೇಶ ಬೆರಳು ಮಡಚಿದ: ಧೂಳು, ಮಾಳಿಗೆ ಗಿಡ್ಡ, ಎದುರಿಗೆ ಹುಣಸೆಮರ, ಮೋಟಾರ್ ಶುರುವಾದರೆ ವೋಲ್ಟೇಜ್ ಬೀಳುತ್ತದೆ. ಎಲ್ಲ ಖರೆ. ಫಕ್ಕೀರಸಾಬರು ಹಿತ್ತಲಿಗೆ ಹೋಗಿ, ಕಂಬಕ್ಕೆ ಆದೀತೆಂದು, ಬೋರ್‌ವೆಲ್‌ನ ಹಳೆಯ ಪೈಪು ತೋರಿಸಿದರು. ಉದ್ದ ಇಪ್ಪತ್ತು ಅಡಿ. ಸಿದ್ದಲಿಂಗೇಶ ಮರ ನೋಡಿದ, ಪೈಪು ನೋಡಿದ, ಬೆರಳು ಬಿಚ್ಚಿದ.

ಫೆಬ್ರುವರಿ 8, ಶುಕ್ರವಾರ

ಕೆಲಸ ಕೆಡಿಸಿದೆ. ಮಲ್ಲೇಶಪ್ಪನವರಿಗೆ ನಯವಾಗಿ ಹೇಳಬೇಕು ಅಂತ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಹೋದ ಕೂಡಲೇ ಬಾಯಿಂದ ಬಂದದ್ದು — ನೀವು ಕಟ್ಟೆ ಮೇಲೆ ಕೂರ್ತೀರಿ, ಅದಕ್ಕೇ ಹೆಂಗಸರು ಬರುತ್ತಿಲ್ಲ.

ಅವರು ಎಲೆ ಅಡಿಕೆ ಚೀಲ ಮಡಚಿದರು. ಎದ್ದು ಒಳಗೆ ಹೋದರು. ಬಾಡಿಗೆಯಿಲ್ಲದೆ ಜಾಗ ಕೊಟ್ಟ ಮನುಷ್ಯ. ನನ್ನ ನಾಲಗೆಗೆ ಬರೆ ಹಾಕಬೇಕು.

ಫೆಬ್ರುವರಿ 12, ಮಂಗಳವಾರ

ನಾಲ್ಕು ದಿನದಿಂದ ಕಟ್ಟೆ ಖಾಲಿ. ಮಲ್ಲೇಶಪ್ಪನವರು ತಾವೂ ಕೂರುವುದಿಲ್ಲ, ಬೇರೆಯವರನ್ನೂ ಕೂರಿಸುವುದಿಲ್ಲ. ಇವತ್ತು ನನ್ನನ್ನು ಒಳಗೆ ಕರೆದರು. ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತಿದ್ದರು. ನನಗೂ ನೋಡು ಅಂದರು.

ಸೋಮವ್ವ ಬಂದಳು. ಚಪ್ಪಲಿ ತೆಗೆದಳು. ಖಾಲಿ ಕಟ್ಟೆ ದಾಟಿದಳು. ಬೇವಿನ ಮರದ ಆಚೆ ಮೆಟ್ಟಿದಳು.

"ನಾ ಎದ್ದು ಹೋದ್ರೂ ಕಟ್ಟಿ ಎದ್ದು ಹೋಗಂಗಿಲ್ಲ ಬಿಡವಾ," ಅಂದರು. ಸಿಟ್ಟಿರಲಿಲ್ಲ. ದಣಿದ ದನಿ. "ಇಷ್ಟು ವರ್ಷ ಕುಂತೇನಿ. ಇದನ್ನ ನೋಡೇ ಇರಲಿಲ್ಲ. ಒಯ್ಯಿರಿ ನಿಮ್ಮ ಸಾಮಾನ, ಗಿರಣಿಗೆ ಒಯ್ಯಿರಿ."

ಕಾಲಿಗೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ಇನ್ನೊಂದು ಮಾತು.

"ಆದ್ರ ನಮ್ಮ ಸೊಸಿ ಅಲ್ಲಿಗೆ ಬರಂಗಿಲ್ಲ. ಮನಿಯಾಗಿನ ಕೆಲಸ ಅಂತ ಹ್ಞೂಂ ಅಂದಿದ್ದೆ. ಗಿರಣ್ಯಾಗ ಕುಂದ್ರಸಾಕಲ್ಲ."

ಒಳಬಾಗಿಲ ಪರದೆ ಅಲುಗಾಡಿತು. ನಾಗಲಕ್ಷ್ಮಿ ಕೇಳಿಸಿಕೊಂಡಳು.

ಫೆಬ್ರುವರಿ 27, ಬುಧವಾರ

ಕೇಂದ್ರ ಗಿರಣಿಗೆ ಬಂದ ಮೇಲೆ ಬರೆಯಲು ಪುರಸೊತ್ತಿಲ್ಲ. ಆಪರೇಟರ್ ಕೆಲಸ ನನ್ನದೇ. ತಲೆ, ರೆಪ್ಪೆ, ಮೊಬೈಲ್ ಎಲ್ಲ ಹಿಟ್ಟು. ಫಕ್ಕೀರಸಾಬರ ಹಳೆಯ ಲುಂಗಿಯಿಂದ ಹಸೀನಾಬಿ ಸಿಪಿಯುಗೆ ಗವಸು ಹೊಲಿದಿದ್ದಾರೆ. ಮೋಟಾರ್ ಶುರುವಾದಾಗ ಯುಪಿಎಸ್ ಕುಂಯ್ ಅನ್ನುತ್ತದೆ. ಹೆಂಗಸರು ಅದಕ್ಕೂ ನಗುತ್ತಾರೆ.

ಹೆಂಗಸರು. ಹತ್ತೊಂಬತ್ತು.

ಸೋಮವ್ವನ ಮಗಳು ಗೋವಾದಲ್ಲಿ. ಹೆರಿಗೆಯಾಗಿ ತಿಂಗಳಾಯಿತು. ಅಲ್ಲಿಯ ಸೈಬರ್ ಅಂಗಡಿಯಿಂದ ಅಳಿಯ ಕೂಸಿನ ಫೋಟೋ ಕಳಿಸಿದ. ಫೋಟೋ ಮೇಲಿನಿಂದ ಕೆಳಗೆ ನಿಧಾನ ತೆರೆಯಿತು: ಮೊದಲು ಟೊಪ್ಪಿಗೆ, ಆಮೇಲೆ ಹಣೆ, ಕಣ್ಣು. ಸೋಮವ್ವ ಉಸಿರು ಬಿಟ್ಟಿರಲಿಲ್ಲ. ಗಲ್ಲ ಬಂದ ಮೇಲೆ ಅಂದಳು, "ನಮ್ಮಪ್ಪನ ಗಲ್ಲ." ಸೆರಗಿನಿಂದ ಪರದೆಯ ಹಿಟ್ಟು ಒರೆಸಿದಳು. ನಾನೂ ಅತ್ತೆ, ಅದರಲ್ಲೇನು.

ರಿಜಿಸ್ಟರ್‌ನ ಪಾಳಿ ಯಾರೂ ಕೇಳುವುದಿಲ್ಲ. ಕಂಪ್ಯೂಟರ್ ಬಾಗಿಲಿಗೂ ಡಬ್ಬಿ ಸಾಲು. ಗಿರಣಿಗೊಂದು ಸಾಲು, ಇಲ್ಲಿಗೊಂದು. ಡಬ್ಬಿ ಇಟ್ಟವರ ಪಾಳಿ. ಇದುವರೆಗೆ ಒಂದೂ ಜಗಳವಿಲ್ಲ.

ಮಾರ್ಚ್ 6, ಗುರುವಾರ

ನಾಗಲಕ್ಷ್ಮಿ ಬಂದಳು. ಕೈಯಲ್ಲಿ ಡಬ್ಬಿ. ಗಿರಣಿಗೆ ಬೀಸಲು ಹೋಗಬೇಡ ಅಂತ ಯಾವ ಮಾವ ಅಂದಾನು?

ಎರಡೇ ಸೇರು ಜೋಳ. ಡಬ್ಬಿಯನ್ನು ಸಾಲಿನ ಕೊನೆಗಿಟ್ಟು ಒಳಗೆ ಬಂದು, ನಾನು ಅರ್ಧ ಗಂಟೆಯಿಂದ ಒದ್ದಾಡುತ್ತಿದ್ದ ಪ್ರಿಂಟರ್ ಸರಿ ಮಾಡಿದಳು. ಆಮೇಲೆ ಕುರ್ಚಿ ನೋಡಿದಳು. ಬಾಗಿಲು ನೋಡಿದಳು. ಕುಳಿತಳು. ನಾನು ಬೇರೆ ಕಡೆ ನೋಡಿದೆ.

ಮಾರ್ಚ್ 14, ಶುಕ್ರವಾರ

ದಿನಾ ಬರುತ್ತಾಳೆ, ದಿನಾ ಎರಡೇ ಸೇರು. ಹಸೀನಾಬಿ ಬೀಸುತ್ತ ಕಾಲೆಳೆಯುತ್ತಾರೆ. "ನಿಮ್ಮ ಮನ್ಯಾಗ ಹಿಟ್ಟು ಇಡಾಕ ಜಾಗ ಇಲ್ಲೇನವಾ?"

"ಮಾವಾರಿಗೆ ತಾಜಾ ಹಿಟ್ಟಿನ ರೊಟ್ಟಿನ ಸೇರ್ತಾವ್ರಿ," ಅನ್ನುತ್ತಾಳೆ ಇವಳು, ಮುಖ ತಗ್ಗಿಸಿ. ಅವಳ ಡಬ್ಬಿ ಮುಂದೆ ಬಂದರೆ ಹಿಂದಿನವರು ತಮ್ಮದನ್ನು ಮುಂದಿಡುತ್ತಾರೆ, ಅವಳು ಇನ್ನಷ್ಟು ಹೊತ್ತು ಕೂರಲಿ ಅಂತ. ಯಾರೂ ಹೇಳಿಕೊಟ್ಟದ್ದಲ್ಲ. ಹೆಂಗಸರ ಲೆಕ್ಕ ಮೂವತ್ತೆಂಟಾಯಿತು.

ಮಾರ್ಚ್ 24, ಸೋಮವಾರ

ಐವತ್ತೊಂದು. ಪ್ರವೀಣಕುಮಾರ ಸರ್ ಫೋನ್. ಕೇಂದ್ರ ಉಳಿಯುತ್ತದೆ, ಆದರೆ ಊರಿನದೇ ಆಪರೇಟರ್ ಬೇಕು, ಸಹಿ ಮಾಡಿದ ಫಾರಂ ಬೇಕು. "ಏಪ್ರಿಲ್‌ನಿಂದ ನೀನು ಬೇರೆ ಹಳ್ಳಿಗೆ. ನೀನಿಲ್ಲದೆ ನಡೆಯದಿದ್ದರೆ ಅದು ಕೇಂದ್ರ ಅಲ್ಲ, ಸುರೇಖಾ."

ಫಾರಂ ನಾಗಲಕ್ಷ್ಮಿ ಮುಂದಿಟ್ಟೆ. ಓದಿದಳು, ಅದನ್ನು ಕೀಬೋರ್ಡ್ ಅಡಿಗೆ ಇಟ್ಟಳು. ಮನೆಯಲ್ಲಿ ಕೇಳದೆ ಮಾಡಲಾರೆ, ಕೇಳಲಿಕ್ಕೂ ಬಾಯಿ ಬರುತ್ತಿಲ್ಲ ಅಂದಳು. ನಾನು ಕೇಳುತ್ತೇನೆ ಅಂದೆ. "ಬ್ಯಾಡ್ರಿ ಅಕ್ಕಾರ, ನೀವಂತೂ ಬ್ಯಾಡ." ಸರಿಯಾಗಿ ಹೇಳಿದಳು.

ಮಾರ್ಚ್ 29, ಶನಿವಾರ, ಬೆಳಿಗ್ಗೆ 11

ಗಿರಣಿಯಲ್ಲೇ ಕುಳಿತು ಬರೆಯುತ್ತಿದ್ದೇನೆ, ಮೂಲೆಯಲ್ಲಿ ಚೀಲದ ಮೇಲೆ. ನಾಡಿದ್ದು ಕೊನೆಯ ದಿನ. ಫಾರಂ ಇನ್ನೂ ಕೀಬೋರ್ಡ್ ಕೆಳಗೇ ಇದೆ. ನಾಗಲಕ್ಷ್ಮಿ ಕುರ್ಚಿಯಲ್ಲಿ. ಇವತ್ತು ಅವಳು ಡಬ್ಬಿ ತಂದಿಲ್ಲ. ಜೋಳದ ಡಬ್ಬಿ ಮನೆಯಲ್ಲಿ ಸಿಗಲೇ ಇಲ್ಲವಂತೆ. ಬರಿಗೈಯಲ್ಲೇ ಬಂದಿದ್ದಾಳೆ, ಹೆದರಿಕೊಂಡು.

11.20

ಹೊರಗೆ ಮಾತು ನಿಂತಿತು. ಮೋಟಾರಿನ ಸದ್ದು ಮಾತ್ರ.

ಮಲ್ಲೇಶಪ್ಪನವರು. ತಲೆಗೆ ರುಮಾಲು, ಹೆಗಲ ಮೇಲೆ ಜೋಳದ ಡಬ್ಬಿ. ಈ ಊರಲ್ಲಿ ಗಂಡಸು ಡಬ್ಬಿ ಹೊತ್ತು ಗಿರಣಿಗೆ ಬಂದದ್ದು ನಾನು ಕಂಡಿಲ್ಲ. ಹೆಂಗಸರು ಸೆರಗು ಎಳೆದುಕೊಂಡರು. ಸೋಮವ್ವನ ಕೈ ಕಾಲಿನ ಕಡೆ ಹೋಯಿತು, ಚಪ್ಪಲಿಗೆ.

"ಇರ್ಲಿ ಸೋಮವ್ವ. ಇದು ನಿಮ್ಮ ಜಾಗಾ," ಅಂದರು. ಗಿರಣಿಯ ಸಾಲಿಗೆ ಹೋಗಲಿಲ್ಲ. ಇಲ್ಲಿ, ಕಂಪ್ಯೂಟರ್ ಬಾಗಿಲ ಸಾಲಿನಲ್ಲಿ, ಎಲ್ಲರ ಹಿಂದೆ ಡಬ್ಬಿ ಇಟ್ಟರು.

ಹಸೀನಾಬಿ ಬಿಡುವವರಲ್ಲ. "ಗೌಡ್ರ, ಅದು ಹಿಟ್ಟಿನ ಪಾಳಿ ಅಲ್ರಿ."

"ಗೊತ್ತೈತಿ ತಾಯಿ. ಬ್ಯಾಡಗಿ ಪ್ಯಾಟಿ ದರ ನೋಡೂದೈತಿ. ನಮ್ಮ ಸೊಸಿ ತೋರಿಸ್ತಾಳ."

ನಾಗಲಕ್ಷ್ಮಿ ಕುರ್ಚಿಯಿಂದ ಅರ್ಧ ಎದ್ದಿದ್ದಳು.

"ಕುಂದ್ರವಾ. ಏಳಬ್ಯಾಡ. ನನ್ನ ಪಾಳಿ ಇನ್ನಾ ಬಂದಿಲ್ಲ."

ಅವಳು ಕುಳಿತಳು. ಮಾವನ ಎದುರಿಗೆ. ಅವರು ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಚೀಲ ಬಿಚ್ಚಿದ್ದಾರೆ. ಮುಂದೆ ನಾಲ್ಕು ಡಬ್ಬಿ. ಈಗ ಮೂರು. ನಾಗಲಕ್ಷ್ಮಿ ಕೀಬೋರ್ಡ್ ಎತ್ತಿ ಫಾರಂ ಹೊರಗೆ ತೆಗೆದಳು. ಹಿಟ್ಟು ಕೊಡವಿದಳು. ನನ್ನ ಕಡೆ ಕೈ ಚಾಚಿದ್ದಾಳೆ — ಪೆನ್ನು ಬೇಕಂತೆ. ಇಲ್ಲಿರುವುದು ಇದೊಂದೇ, ಕೊಡಬೇ