ಹಿತ್ತಲ ಬಾವಿಯ ನೀರು

ಹುಡುಗಿಯರ ಹಾಸ್ಟೆಲ್, ಧಾರವಾಡ
12 ಫೆಬ್ರುವರಿ 1994

ಅವ್ವನಿಗೆ ಅನಸವ್ವ ಮಾಡುವ ನಮಸ್ಕಾರ.

ಪತ್ರ ತಡವಾಯಿತು, ಸಾರಿ. ಬರೆದು ಬರೆದು ಹರಿದೆ. ಎಂ.ಎಸ್ಸಿ. ಮೊದಲ ವರ್ಷ, ಪ್ರತಿಯೊಂದನ್ನೂ ಎರಡೆರಡು ಸಲ ನೋಡುತ್ತೇನೆ. ಇದನ್ನು ಪರಸಣ್ಣನೇ ನಿನಗೆ ಓದಿ ಹೇಳಲಿ, ಬೇರೆ ಯಾರ ಕೈಗೂ ಕೊಡಬೇಡ. ಅಣ್ಣಾ, ನಡುವೆ ಏನೂ ಬಿಡದೆ ಓದು.

ನಮ್ಮ ಲ್ಯಾಬಿಗೆ ಹೊಸ ಮಷೀನು ಬಂದಿದೆ, ಅಯಾನ್ ಕ್ರೊಮ್ಯಾಟೋಗ್ರಾಫ್ ಅಂತ. ಮೊದಲು ನೀರಿನಲ್ಲಿರುವ ಒಂದೊಂದು ಲವಣಕ್ಕೂ ಒಂದೊಂದು ರಾಸಾಯನಿಕ ಹಾಕಿ, ಬಣ್ಣ ನೋಡುತ್ತ ದಿನಗಟ್ಟಲೆ ಕೂಡಬೇಕಾಗಿತ್ತಂತೆ. ಈಗ ಸೂಜಿಯಿಂದ ಒಂದು ಹನಿ ಬಿಟ್ಟರೆ ಸಾಕು. ಸಣ್ಣ ಕೊಳವೆಯೊಳಗೆ ಹಾಯ್ದು ಕ್ಲೋರೈಡು, ನೈಟ್ರೇಟು, ಸಲ್ಫೇಟು ಬೇರೆ ಬೇರೆಯಾಗಿ ಹೊರಬರುತ್ತವೆ. ಚಹಾ ಕುಡಿದು ಬರುವುದರೊಳಗೆ ಕಾಗದದ ಮೇಲೆ ಸಾಲು ಗುಡ್ಡ ಬರೆದಿರುತ್ತದೆ. ಗುಡ್ಡ ಎತ್ತರವಾದಷ್ಟೂ ಆ ಲವಣ ಹೆಚ್ಚು.

ಎಲ್ಲರೂ ತಮ್ಮ ಊರಿನ ನೀರು ತರಬೇಕೆಂದು ಸರ್ ಹೇಳಿದ್ದರು. ಸಂಕ್ರಾಂತಿಗೆ ಬಂದಾಗ ನಮ್ಮ ಹಿತ್ತಲ ಬಾವಿಯದು ಒಯ್ದೆ. ನೈಟ್ರೇಟಿನ ಗುಡ್ಡ ಕಾಗದ ದಾಟಿ ಹೋಯಿತು. ಸರ್ ಎಲ್ಲರೆದುರು, “ಏನವಾ, ಬಾಟ್ಲಿ ತೊಳದಿದ್ದಿಲ್ಲೇನ? ಯೂರಿಯಾ ಚೀಲದಾಗ ಇಟ್ಕೊಂಡ ಬಂದಿಯೇನ?” ಅಂದರು. ಹುಡುಗರು ನಕ್ಕರು. ನನ್ನದೇ ಮಿಸ್ಟೇಕ್ ಅಂತ ಹೆದರಿ, ಹೋದ ವಾರ ಮತ್ತೆ ಊರಿಗೆ, ರನ್ನ ಬೆಳಗಲಿಗೆ ಓಡಿ ಬಂದದ್ದು ಅದಕ್ಕೇ. “ಧಾರವಾಡದಾಗ ನೀರ ತೀರ್ಯಾವೇನ ಬೇ?” ಅಂತ ನೀನೂ ನಕ್ಕೆ. ಲ್ಯಾಬಿನ ಬಾಟಲಿಯಲ್ಲೇ ತಂದೆ. ಗುಡ್ಡ ಅಷ್ಟೇ ಬಂತು. ಸರ್ ಈ ಸಲ ನಗಲಿಲ್ಲ. “ಮನ್ಯಾಗ ಎಳೆಗೂಸು ಐತೇನು?” ಅಂದರು. ಇಲ್ಲ ಎಂದೆ. ಇತ್ತು ಎನ್ನಲಿಲ್ಲ.

ಅವ್ವಾ, ತಿಪ್ಪೆಯದೂ ಕಬ್ಬಿನ ಗೊಬ್ಬರದ್ದೂ ನೈಟ್ರೇಟು ಬಾವಿಗೆ ಬಸಿದಿದೆ. ದೊಡ್ಡವರು ತಡೆದುಕೊಳ್ಳುತ್ತಾರೆ, ಎಳೆಗೂಸಿನ ಮೈ ನೀಲಿಗಟ್ಟುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ. “ನನ್ನ ಮೊಮ್ಮಗನಿಗೆ” ಅಂತ ನೀನು ಅರ್ಧಕ್ಕೆ ಬತ್ತುವ ತನಕ ಕುದಿಸುತ್ತಿದ್ದೆ.

ನಿನ್ನ ಪರೀಕ್ಷೆಯೂ ಇತ್ತಲ್ಲ. ನಿನ್ನ ಸೊಸೆ, ನಮ್ಮ ತಾರವ್ವ ವೈನಿಯ ಎದೆಹಾಲನ್ನು ಚಮಚದಲ್ಲಿ ಹಿಂಡಿಸಿ ಅದರೊಳಗೆ ಇರುವೆ ಬಿಟ್ಟೆ. ಈಜಿ ದಂಡೆಗೆ ಬಂದರೆ ಹಾಲು ಒಳ್ಳೆಯದು, ಸತ್ತರೆ ವಿಷ. ಇರುವೆ ಮುಳುಗಿ ಸತ್ತಿತು. “ಇಕೀ ಎದ್ಯಾಗ ಇಸ ಐತಿ” ಅಂತ ಎದೆಗೆ ಬಟ್ಟೆ ಬಿಗಿಸಿದೆ. ಆಕಳ ಹಾಲಿಗೆ ಬಾವಿ ನೀರು ಬೆರೆಸಿ ಕೂಸಿಗೆ ಬಾಟಲಿ ಹಿಡಿಸಿದೆ. ಕೂಸು ನೀಲಿಯಾಗಿ ಸತ್ತಾಗ, ಮೊದಲು ಕುಡಿದ ಹಾಲಿನ ವಿಷ ಈಗ ಏರಿತು ಅಂತ ಓಣಿಗೆಲ್ಲ ಹೇಳಿದೆ. ವೈನಿಯ ಟ್ರಂಕನ್ನು ಅಣ್ಣನೇ ಹೊತ್ತೊಯ್ದು ಆಕೆಯನ್ನು ತವರೂರು ಚಿಮ್ಮಡದ ದಾರಿಗೆ ಹಚ್ಚಿ ಬಂದ.

ಮುಧೋಳದ ಹುಡುಗಿಯ ಜೊತೆ ಗೊತ್ತು ಮಾಡಿದ ಅಣ್ಣನ ಮದುವೆ ನಿಲ್ಲಿಸು. ಚಿಮ್ಮಡಕ್ಕೆ ಹೋಗಿ ವೈನಿಯ ಕಾಲು ಹಿಡಿದು ಕರೆದುಕೊಂಡು ಬಾ. ಇಲ್ಲವಾದರೆ ಹೊಸಬಳ ಕೂಸಿಗೂ ಅದೇ ಬಾವಿ ಇದೆ, ಇರುವೆಗಳಿಗೂ ನಮ್ಮಲ್ಲಿ ಬರವಿಲ್ಲ.

ಅಣ್ಣಾ, ಓದುತ್ತಿದ್ದೀಯಲ್ಲ? ದನಿ ಇಳಿಸಬೇಡ.

ಅವ್ವಾ, ಬಿ.ಪಿ. ಗುಳಿಗೆ ತಪ್ಪಿಸಬೇಡ. ದೇವರು ನಿನಗೆ ನೂರು ವರ್ಷ ಕೊಡಲಿ, ನೆನಪೂ ಅಷ್ಟೇ ಗಟ್ಟಿ ಇಡಲಿ.

ನಿನ್ನ ಮಗಳು
ಅನಸವ್ವ

ತಾ.ಕ.: ಮೇಲಿನದೆಲ್ಲ ಬರೆದಿಟ್ಟು, ಪೋಸ್ಟಿಗೆ ಹಾಕದೆ ಚಿಮ್ಮಡಕ್ಕೆ ಹೋದೆ. ವೈನಿಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. “ನಿಮ್ಮ ಹಾಲಿಗೆ ಏನೂ ಆಗಿರ್ಲಿಲ್ರಿ ವೈನಿ, ದೋಷ ಎಲ್ಲಾ ನೀರಾಗ ಇತ್ತು” ಅಂತ ಪ್ರಿಂಟು ತೋರಿಸಿದೆ. ವೈನಿ ಅದರ ಮೇಲೆ ಬಹಳ ಹೊತ್ತು ಬೆರಳಾಡಿಸಿದಳು.

“ಹಾಲ ನಾ ಮಾಡಿದ್ದಲ್ಲ ತಂಗಿ, ದೇವ್ರ ಕೊಟ್ಟದ್ದು ಅಂತ ಅತ್ತು ಸುಮ್ಮನಾಗಿದ್ದೆ,” ಅಂದಳು. “ಆದ್ರ ಆ ನೀರಿನ ಬಾಟ್ಲಿ ನಾನ ಹಿಡದೇನಿ. ಕೂಸು ಒಲ್ಲೆ ಅಂತ ಬಾಯಿ ತಿರುವ್ತಿತ್ತು. ಮೂಗ ಹಿಡದು ಕುಡಿಸೇನಿ.”

ಮನೆಗೆ ಬರ್ರಿ ಅಂದೆ. “ಅವ್ರ ಮದಿವಿ ಆಗ್ಲಿ ಬಿಡು,” ಅಂದಳು. ಆಮೇಲೆ ನನ್ನ ಮುಖ ನೋಡಿ, “ಇದನ್ನ ಹೇಳಾಕ ಧಾರವಾಡದಿಂದ ಬಂದಿಯೇನ?” ಅಂತ ಕೇಳಿದಳು.