ಎಡಗೈಯವರ ಕೊಂಬೆ

ಪ್ರೀತಿಯ ಐರಿನ್ ಮೇಡಂ,

ನೀವು ತೀರಿಕೊಂಡು ವರ್ಷ ತುಂಬುವ ಮೊದಲೇ ನಿಮ್ಮನ್ನು ಇನ್ನೊಮ್ಮೆ ಪಂಕ್ತಿಯಿಂದ ಎಬ್ಬಿಸಲು ಹೊರಟಿದ್ದಾರೆ. ಸಿಟ್ಟು ನೆತ್ತಿಗೇರಿದೆ. ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ನೆನಪಿದೆಯೇ, ನನ್ನ ಪಿಎಚ್‌ಡಿಯ ಮೊದಲ ಸ್ಕ್ಯಾನಿಗೆ ಮಣಿಪಾಲದಲ್ಲಿ ಯಾರೂ ಸಿಗದಿದ್ದಾಗ ನೀವೇ ವಾಚು, ಬಳೆ, ಕೊರಳ ಶಿಲುಬೆ ಬಿಚ್ಚಿ ನನ್ನ ಕೈಗೆ ಕೊಟ್ಟು ಎಂಆರ್‌ಐ ಯಂತ್ರದೊಳಗೆ ಮಲಗಿದ್ದು? "ಗೈಡ್ ಆದರೆ ಎಂತ, ನನಗೂ ಮಿದುಳು ಉಂಟಲ್ವಾ?" ಎಂದಿರಿ. ಸುಮ್ಮನೆ ಮಲಗಿದವರ ಮಿದುಳಿನಲ್ಲಿ ಯಾವ ಭಾಗದ ಚಟುವಟಿಕೆ ಯಾವುದರ ಜೊತೆ ಏರಿಳಿಯುತ್ತದೆ ಎಂದು ನೋಡಿ, ಒಂದೇ ತರಹದವರನ್ನು ಗುಂಪು ಮಾಡುವುದು ನಮ್ಮ ಕೆಲಸ. ಯಾರು ಯಾರಿಗೆ ಹತ್ತಿರ ಎಂದು ತೋರಿಸಲು ಕಂಪ್ಯೂಟರು ಬಿಡಿಸಿದ ಮರದಂಥ ಚಿತ್ರದಲ್ಲಿ ಎಲ್ಲರೂ ಒಂದಲ್ಲ ಒಂದು ಗೊಂಚಲಿಗೆ ಸೇರಿದರು. ನೀವು ಮಾತ್ರ ದೂರದ ಒಂಟಿ ಕೊಂಬೆ. ಅದನ್ನು ನೋಡಿ ಎಷ್ಟು ನಕ್ಕಿದ್ದಿರಿ!

ಮೊನ್ನೆ ವಿಭಾಗದ ಮುಖ್ಯಸ್ಥರು ಅದೇ ಕೊಂಬೆಯ ಮೇಲೆ ಪೆನ್ನು ಇಟ್ಟರು. ನೀವಿಲ್ಲದ ಮೇಲೆ ಅವರೇ ನನ್ನ ಗೈಡ್. "ಇದೊಂದನ್ನು ತೆಗೀರಿ ಮಾರಾಯ್ರೆ, ಗುಂಪು ಚಂದ ಕಾಣ್ತದೆ. ಹೇಗೂ ಎಡಗೈಯಲ್ಲಿ ಬರೆಯುವವರು. ಎಲ್ಲ ಕಡೆ ಬಲಗೈಯವರನ್ನು ಮಾತ್ರ ತಗೊಳ್ಳುವುದಲ್ವಾ?" ತೆಗೆಯದಿದ್ದರೆ ಪ್ರಬಂಧಕ್ಕೆ ಸಹಿ ಇಲ್ಲವಂತೆ.

ಕಾರ್ಕಳದ ಆ ಮದುವೆಯಲ್ಲಿ ನೀವು ಎಡಗೈಯಲ್ಲಿ ಉಂಡಿರೆಂದು ಹಿರಿಯರೊಬ್ಬರು ನಿಮ್ಮನ್ನು ಪಂಕ್ತಿಯಿಂದ ಎಬ್ಬಿಸಿದ್ದರು. "ಹೊಟ್ಟೆ ತುಂಬಿತ್ತು ಮಾರಾಯ್ತಿ, ಬಿಡು" ಎಂದು ನನ್ನನ್ನೇ ಸಮಾಧಾನ ಮಾಡಿದಿರಿ. ಅರ್ಧ ಊಟ ಎಲೆಯಲ್ಲೇ ಇತ್ತಲ್ಲ! ಈ ಸಲ ನಾನು ಬಿಡಲಿಲ್ಲ, ನಿಮ್ಮನ್ನು ತೆಗೆಯುವುದಿಲ್ಲ ಎಂದೆ. ಯಂತ್ರ ಕೆಟ್ಟಿತ್ತೇ? ನೀವು ಒಳಗೆ ತಲೆ ಅಲ್ಲಾಡಿಸಿ ಸ್ಕ್ಯಾನು ಹಾಳಾಗಿತ್ತೇ? ಚಿತ್ರ ಚಂದ ಕಾಣಲೆಂದು ಮನುಷ್ಯರನ್ನೇ ಬಿಟ್ಟರೆ ಅದು ಎಂಥ ವಿಜ್ಞಾನ, ಅದು ಯಾರ ಮಿದುಳಿನ...

ಅದೇ ಕೋಪದಲ್ಲಿ ಹೋಗಿ, ಸ್ಕ್ಯಾನಿಗೆ ಜನ ಬೇಕೆಂದು ಹಾಕಿದ್ದ ನೋಟೀಸಿನಲ್ಲಿ ಮುಖ್ಯಸ್ಥರು ಸೇರಿಸಿದ್ದ "ಬಲಗೈಯವರು ಮಾತ್ರ" ಎಂಬ ಸಾಲನ್ನು ಹೊಡೆದುಹಾಕಿದೆ. ಹಾಸ್ಟೆಲ್ ಕಟ್ಟುತ್ತಿರುವ ಬಾಗಲಕೋಟೆಯ ಮೇಸ್ತ್ರಿಯೊಬ್ಬರು ಸ್ಕ್ಯಾನಿಗೆ ಬಂದರು. ಒಪ್ಪಿಗೆಗೆ ಸಹಿ ಹಾಕುವಾಗ ಪೆನ್ನು ಹಿಡಿದು ಅನುಮಾನಿಸಿದರು.

"ಎಡಗೈ ನಡೀತೈತೇನ್ರೀ?"

"ಧಾರಾಳ ನಡೀತದೆ" ಎಂದೆ.

ಇವತ್ತು ಅವರನ್ನೂ ಸೇರಿಸಿ ಮರವನ್ನು ಹೊಸದಾಗಿ ಬಿಡಿಸಿದೆ. ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು, ನೀವೇ ಬಯ್ಯುತ್ತಿದ್ದಿರಿ. ಆದರೆ ಅವರು ಬಂದು ಕೂತದ್ದು ನಿಮ್ಮ ಕೊಂಬೆಯಲ್ಲಿ, ನಿಮ್ಮ ಪಕ್ಕದಲ್ಲೇ. ನಾಳೆ ಇದನ್ನು ಮುಖ್ಯಸ್ಥರ ಮೇಜಿನ ಮೇಲಿಡುತ್ತೇನೆ. ಸಹಿ ಹಾಕಲಿ, ಬಿಡಲಿ. ಈ ಪಂಕ್ತಿಯಿಂದ ನಿಮ್ಮನ್ನು ಎಬ್ಬಿಸಲು ನಾನು ಬಿಡುವುದಿಲ್ಲ, ಮೇಡಂ.

ನಿಮ್ಮ
ಹಿರಿಯಡ್ಕದ ಸುಜಾತಾ